ಒಂದು ಹಿಡಿ ಕೆಸರು

ನಮ್ಮೂರ ಬಾವಿಯಲ್ಲಿ ಮುಳುಗು ಹಾಕಿದವನು ನಿಜವಾಗಿಯೂ ತಳ ಮುಟ್ಟಿ ಬಂದನೋ, ಅಥವಾ ನಡುನೀರಿನಲ್ಲಿಯೇ ಕಣ್ಣು ಮುಚ್ಚಿಕೊಂಡು ಕಾಲಹರಣ ಮಾಡಿ, ಮೇಲೆ ಬಂದೊಡನೆ ಪಾತಾಳವನ್ನೇ ಗೆದ್ದವನಂತೆ ಏದುಸಿರು ಬಿಡುತ್ತಿರುವನೋ ಎಂಬ ಸಂದೇಹವನ್ನು ಪರಿಹರಿಸುವುದಕ್ಕೆ ಒಂದೇ ಒಂದು ಪ್ರಮಾಣವಿದ್ದಿತು; ಅದು ಅವನ ಮುಷ್ಟಿಯೊಳಗಿನ ಕೆಸರು. ನೈಯಾಯಿಕರು ಅನುಮಾನವನ್ನೂ ಆಪ್ತವಾಕ್ಯವನ್ನೂ ಪ್ರಮಾಣಗಳೆಂದು ಎಣಿಸುವರಷ್ಟೆ; ಬಾವಿಯ ದಂಡೆಯ ಮೇಲೆ ತೊಯ್ದ ಮೈಯಲ್ಲಿ ನಡುಗುತ್ತ ನಿಂತ ಎಂಟು ಹತ್ತು ಹುಡುಗರ ನ್ಯಾಯಸ್ಥಾನದಲ್ಲಿ ಅವೆರಡಕ್ಕೂ ಕಾಸಿನ ಬೆಲೆಯಿರಲಿಲ್ಲ. ಕೈ ಬಿಚ್ಚಿ ತೋರಿಸಬೇಕು; ಕರಿಯ, ನುಣುಪಾದ, ಕೊಳೆತ ಎಲೆಯ ವಾಸನೆಯ ಒಂದು ಹಿಡಿ ಕೆಸರು ಅಲ್ಲಿರಬೇಕು. ಇದ್ದರೆ ಮುಳುಗು ಲೆಕ್ಕಕ್ಕೆ ಬಂದಿತು, ಇಲ್ಲದಿದ್ದರೆ ಇಲ್ಲ. ಆ ನ್ಯಾಯಸ್ಥಾನಕ್ಕೆ ಪಂಚನಾಗಿದ್ದವನು ನನ್ನ ಓರಗೆಯವನೇ ಆದ, ಒಕ್ಕಲುತನದ ಮನೆಯ ಒಬ್ಬ ಹುಡುಗ. ಅವನು ಇಂದಿಗೂ ಗೊಬ್ಬೂರಿನಲ್ಲಿಯೇ ಇದ್ದಾನೆ, ಇಂದಿಗೂ ಪಂಚನೇ. ಅವನ ವಿಷಯ ಆಮೇಲೆ.

ಗೊಬ್ಬೂರ ಎಂದರೆ ಕಲಬುರಗಿಯಿಂದ ದೇವಲ ಗಾಣಗಾಪುರದ ಕಡೆಗೆ ಹೊರಟವರು ಬಸ್ಸಿನ ಕಿಟಕಿಯಿಂದ ಕಂಡು ಮರೆತುಬಿಡುವ ಊರು. ಅಫಜಲಪುರ ತಾಲ್ಲೂಕಿನ ಎರೆಭೂಮಿ, ತೊಗರಿ ಮತ್ತು ಜೋಳ, ಬೇಸಗೆಯಲ್ಲಿ ಕಾಲು ಹೂಳುವಷ್ಟು ಬಿರಿಯುವ ನೆಲ. ಇಲ್ಲಿ ಹುಟ್ಟಿದವನಿಗೂ ಸಮುದ್ರಕ್ಕೂ ಯಾವ ಜನ್ಮದ ಸಂಬಂಧವೂ ಇರತಕ್ಕದ್ದಲ್ಲ. ನಮ್ಮ ಭೀಮಾ ನದಿಯ ನಡವಳಿಕೆಯನ್ನೇ ನೋಡಿರಿ: ಪಡುವಣ ಕಡಲಿಗೆ ಕೂಗಳತೆಯಲ್ಲಿಯೇ ಎಂಬಂತೆ ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿಯೂ ಆ ಕಡಲಿಗೆ ಬೆನ್ನು ಹಾಕಿ, ಮೂಡಣಕ್ಕೆ ತಿರುಗಿ, ಗಾಣಗಾಪುರದಲ್ಲಿ ಅಮರ್ಜೆಯನ್ನು ಕೂಡಿಕೊಂಡು, ಕೃಷ್ಣೆಯ ಮಡಿಲು ಸೇರಿ, ಪಡುವಣ ತೆರೆಯನ್ನು ಒಮ್ಮೆಯೂ ಕಾಣದೆ ಬಂಗಾಳದ ಕೊಲ್ಲಿಗೆ ಹೋಗಿ ಬೀಳುತ್ತದೆ. ನದಿಯೇ ಹೀಗಿರಲಾಗಿ ನದಿಯ ದಂಡೆಯ ಮನುಷ್ಯನನ್ನು ಕೇಳುವುದೇನು? ನನಗೆ ಮೂವತ್ತು ವರ್ಷ ತುಂಬುವವರೆಗೆ ನೀರು ಎಂದರೆ ಬಾವಿ, ಬಾವಿ ಎಂದರೆ ನೀರು.

ಆ ಬಾವಿಯನ್ನು ಸ್ವಲ್ಪ ವರ್ಣಿಸುವುದಕ್ಕೆ ಓದುಗರು ಅನುಮತಿ ಕೊಡಬೇಕು. ಕಪಿಲೆ ಹೊಡೆಯುತ್ತಿದ್ದ ಕಾಲದ, ಐವತ್ತು ಅಡಿ ಆಳದ ತೋಟದ ಬಾವಿ ಅದು. ಮೇಲಿನ ಅರ್ಧಕ್ಕೆ ಕಲ್ಲು ಗಚ್ಚಿನ ಗೋಡೆ. ಕೆಳಗಿನ ಅರ್ಧ ಕರಿಗಲ್ಲಿನ ಹಾಸನ್ನೇ ಕಡಿದು ಮಾಡಿದ ಕುಳಿ. ಗೋಡೆಯಿಂದ ಹೊರಚಾಚಿದ ಒಂದೊಂದೇ ಕಲ್ಲು ಮೆಟ್ಟಿಲುಗಳಾಗಿ ಸುತ್ತಿಕೊಂಡು ಇಳಿಯುತ್ತಿದ್ದವು. ಕಲ್ಲುಗಳ ಸಂದಿಯಲ್ಲಿ ಎಲ್ಲಿಂದಲೋ ಬಂದು ಬೇರುಬಿಟ್ಟ ಅರಳಿಯ ಸಸಿಗಳು, ಹೆಸರು ಕೇಳದ ಬಳ್ಳಿಗಳು, ಒಂದೆರಡು ಒಳ್ಳೆಹಾವು, ಮತ್ತು ಪಾರಿವಾಳಗಳು. ಒಂದು ಕಲ್ಲನ್ನು ಒಳಕ್ಕೆ ಎಸೆದರೆ ಸಾಕು, ಬಾವಿಯ ಉಸಿರೇ ಮೇಲಕ್ಕೆ ಎದ್ದಂತೆ ಐವತ್ತು ಅರವತ್ತು ಪಾರಿವಾಳಗಳು ಭರ್ರೆಂದು ಹಾರಿ, ಆಕಾಶದಲ್ಲಿ ಒಂದು ಸುತ್ತು ಸುತ್ತಿ, ಹುಡುಗರ ಹುಡುಗಾಟವನ್ನು ಕ್ಷಮಿಸಿದವರಂತೆ ಮತ್ತೆ ಒಳಗಿಳಿಯುತ್ತಿದ್ದವು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ನಾನು ಈಸು ಕಲಿತದ್ದು ಅಲ್ಲಿ. ಬುರುಡೆ ಬಿಚ್ಚಿದ ಮೇಲೆ, ಎದೆ ತುಂಬ ಗಾಳಿ ಎಳೆದುಕೊಂಡು, ಗಲ್ಲ ಉಬ್ಬಿಸಿ, ಕಣ್ಣು ಬಿಗಿಹಿಡಿದು, ಗೋಡೆಯನ್ನು ಕೈಯಿಂದ ತಡವುತ್ತ ತಡವುತ್ತ ತಳಕ್ಕಿಳಿದು ಕೆಸರು ಹಿಡಿದು ತಂದದ್ದೂ ಅಲ್ಲಿಯೇ. ಆ ಗೋಡೆಯನ್ನು ನಾನು ಕೈಯಿಂದ ಬಲ್ಲವನಾಗಿದ್ದೆನೇ ಹೊರತು ಕಣ್ಣಿಂದ ಅಲ್ಲ. ಕಣ್ಣಿಂದ ಕಂಡದ್ದು 1972ರ ಬರದಲ್ಲಿ. ಆಗ ನನಗೆ ಹದಿನಾಲ್ಕು ವರ್ಷ. ಬಾವಿ ಬತ್ತಿತು, ಹೂಳು ತೆಗೆಯಲು ಹಗ್ಗ ಕಟ್ಟಿ ನಮ್ಮನ್ನು ಇಳಿಸಿದರು. ನಾವು ಅಷ್ಟು ಅಭಿಮಾನದಿಂದ ಮುಷ್ಟಿಯಲ್ಲಿ ತರುತ್ತಿದ್ದ ಕೆಸರು ಒಣಗಿ, ಹೆಂಚಿನಂತೆ ಬಿರಿದು, ಕಾಲಡಿಯಲ್ಲಿ ಪುಡಿಯಾಗುತ್ತಿದ್ದಿತು. ಬುಟ್ಟಿಗಟ್ಟಲೆ ಅದನ್ನು ಮೇಲಕ್ಕೆ ಕಳುಹಿಸಿದೆವು. ದಂಡೆಯ ಮೇಲೆ ನಿಂತು ಬುಟ್ಟಿ ಬರಿದು ಮಾಡುತ್ತಿದ್ದ ಪಂಚನ ಮುಖ ಅಂದು ಅಷ್ಟು ಚೆನ್ನಾಗಿರಲಿಲ್ಲ.

ಇಷ್ಟೆಲ್ಲ ಹೇಳಿದ್ದು, ಅರವತ್ತೈದನೆಯ ವಯಸ್ಸಿನಲ್ಲಿ, ನಿವೃತ್ತನಾದ ಒಬ್ಬ ಕನ್ನಡ ಮಾಸ್ತರನು ರಬ್ಬರಿನ ಅಂಗಿ ತೊಟ್ಟು ಅರಬ್ಬೀ ಸಮುದ್ರದಲ್ಲಿ ಮುಳುಗಿದ ಅಪಹಾಸ್ಯಾಸ್ಪದ ಪ್ರಸಂಗಕ್ಕೆ ಪೀಠಿಕೆಯಾಗಿ. ತಪ್ಪು ನನ್ನದಲ್ಲ, ಚಲನಚಿತ್ರದ್ದು. 2022ರ ಅಕ್ಟೋಬರದಲ್ಲಿ ‘ಗಂಧದ ಗುಡಿ’ ತೆರೆಗೆ ಬಂದಾಗ, ಹುಬ್ಬಳ್ಳಿಯ ಮಗಳ ಮನೆಯಲ್ಲಿದ್ದ ನನ್ನನ್ನು ಮೊಮ್ಮಗ ಚಿತ್ರಮಂದಿರಕ್ಕೆ ಕರೆದುಕೊಂಡು ಹೋದನು. ಒಂದು ವರ್ಷದ ಹಿಂದೆ ನಾಡನ್ನೇ ಅಳಿಸಿ ಹೋದ ಪುನೀತ್ ರಾಜಕುಮಾರ್ ಆ ತೆರೆಯ ಮೇಲೆ ನೇತ್ರಾಣಿ ದ್ವೀಪದ ಬಳಿಯ ನೀರಿನಲ್ಲಿ ಮೀನುಗಳ ನಡುವೆ ತೇಲುತ್ತಿದ್ದರು. ಮೊಮ್ಮಗನು ಅಳುತ್ತಿದ್ದನು, ನಾನು ಗೋಡೆಯನ್ನು ನೋಡುತ್ತಿದ್ದೆನು. ಅವರ ಹಿಂದೆ, ನೀಲಿಯಲ್ಲಿ ಕರಗುತ್ತ ಕೆಳಗಿಳಿದುಹೋದ ಬಂಡೆಯ ಗೋಡೆ. ಐವತ್ತು ವರ್ಷಗಳಿಂದ ತಣ್ಣಗಿದ್ದ ನನ್ನ ಅಂಗೈ ಒಮ್ಮೆಲೇ ಏನನ್ನೋ ತಡವಬೇಕೆಂದು ಚಡಪಡಿಸಿತು.

“ಅಪ್ಪಾ, ಈ ವಯಸ್ಸಿನಾಗ ಇದೆಲ್ಲಾ ಬೇಕಾ?” ಎಂದಳು ಮಗಳು. ಡಾಕ್ಟರ ಚೀಟಿ ತಂದು ತೋರಿಸಿದೆನು. ರಕ್ತದೊತ್ತಡ, ಕಿವಿ, ಶ್ವಾಸಕೋಶ ಎಲ್ಲವೂ ಸರಿಯಿದೆಯೆಂದು ಅದರಲ್ಲಿ ಬರೆದಿದ್ದಿತು. ಬುದ್ಧಿಯ ವಿಷಯವಾಗಿ ಏನೂ ಬರೆದಿರಲಿಲ್ಲ. ಎಳ್ಳ ಅಮಾವಾಸ್ಯೆಯ ಭಜ್ಜಿ ಕಡುಬು ಮುಗಿದ ಮೇಲೆ, 2023ರ ಜನವರಿಯಲ್ಲಿ, ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟಿನೊಡನೆ ಮೊಮ್ಮಗನೂ ನಾನೂ ಯಲ್ಲಾಪುರದ ಮಾರ್ಗವಾಗಿ ಘಟ್ಟ ಇಳಿದು ಮುರ್ಡೇಶ್ವರ ಸೇರಿದೆವು.

ಮುರ್ಡೇಶ್ವರದಲ್ಲಿ 123 ಅಡಿಯ ಶಿವನು ಕಡಲ ದಂಡೆಯಲ್ಲಿ ಕುಳಿತಿರುವನು. ಅವನ ಕಾಲಡಿಯಲ್ಲಿ ಯಾತ್ರಿಕರ ಗದ್ದಲ. ನೇತ್ರಾಣಿಯು ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಗಾಳಿ ತಿಳಿಯಾಗಿದ್ದ ದಿನ ದಿಗಂತದಲ್ಲಿ ಮಸಿಯ ಬೊಟ್ಟಿನಂತೆ ಕಾಣುತ್ತದೆ. ಮೀನುಗಾರರು ಅದನ್ನು ದ್ವೀಪ ಎನ್ನುವುದಿಲ್ಲ. ನೇತ್ರಾಣಿ ಗುಡ್ಡ ಎನ್ನುತ್ತಾರೆ, ನೀರು ಬಂದದ್ದು ಆಮೇಲೆ ಎಂಬಂತೆ. ಇಂಗ್ಲಿಷರ ನಕ್ಷೆಗಳಲ್ಲಿ ಅದಕ್ಕೆ ಪಾರಿವಾಳದ ದ್ವೀಪವೆಂದು ಹೆಸರು, ಅದರ ಗವಿಗಳಲ್ಲಿ ಗೂಡುಕಟ್ಟುವ ಹಕ್ಕಿಗಳ ದೆಸೆಯಿಂದ. ಈ ಹೆಸರನ್ನು ನಾನು ದೋಣಿಯಲ್ಲಿ ಮೊದಲ ಬಾರಿಗೆ ಕೇಳಿದೆನು. ಕೇಳಿದೊಡನೆ, ಹೋಗುತ್ತಿರುವುದು ಪರಸ್ಥಳಕ್ಕಲ್ಲವೆಂಬ ಧೈರ್ಯ ಹುಟ್ಟಿತು.

ಆ ಧೈರ್ಯ ಅರ್ಧ ಗಂಟೆ ಮಾತ್ರ ಇದ್ದಿತು. ಒಂದೂವರೆ ಗಂಟೆಯ ಆ ಪ್ರಯಾಣದಲ್ಲಿ ದೋಣಿಯ ಮೂತಿ ಏಳುವಾಗ ನನ್ನ ಹೊಟ್ಟೆ ಇಳಿಯುತ್ತಿದ್ದಿತು. ಮೂತಿ ಇಳಿಯುವಾಗ ಹೊಟ್ಟೆ ಏಳುತ್ತಿದ್ದಿತು. ಇವೆರಡಕ್ಕೂ ರಾಜಿಯಾಗಲೇ ಇಲ್ಲ. ಬೆಳಗಿನ ರೊಟ್ಟಿಯನ್ನು ವರುಣನಿಗೆ ಅರ್ಪಿಸಿ, ದೋಣಿಯ ಅಂಚಿಗೆ ಗಲ್ಲವಿಟ್ಟು ಮಲಗಿ, ಹವಳದ ದಿಬ್ಬಗಳ ಉತ್ಪತ್ತಿಯನ್ನು ಕುರಿತು 1842ರಲ್ಲಿ ಮಹಾಗ್ರಂಥವನ್ನು ರಚಿಸಿದ ಚಾರ್ಲ್ಸ್ ಡಾರ್ವಿನ್ ತನ್ನ ಐದು ವರ್ಷಗಳ ನೌಕಾಯಾನದಲ್ಲಿ ಕಡಲಬೇನೆಯಿಂದ ನರಳಿದ್ದನೆಂಬುದನ್ನೂ, ನಿಜವಾದ ಹವಳದ ದಿಬ್ಬವನ್ನು ಕಣ್ಣಿಂದ ಕಾಣುವ ಮುನ್ನವೇ ದಕ್ಷಿಣ ಅಮೆರಿಕದ ಪಡುಗರೆಯಲ್ಲಿ ನಿಂತು ತನ್ನ ಸಿದ್ಧಾಂತವನ್ನು ಯೋಚಿಸಿದ್ದನೆಂಬುದನ್ನೂ ನೆನೆದು ಸಮಾಧಾನಪಟ್ಟುಕೊಂಡೆನು. ಕಾಣದೆ ಬರೆಯುವ ಪದ್ಧತಿಗೆ ದೊಡ್ಡವರ ಮೇಲ್ಪಂಕ್ತಿಯಿದೆ. ದಂಡೆಯಲ್ಲಿಯೇ ಕುಳಿತು ಈ ಪ್ರಬಂಧವನ್ನು ಬರೆದುಬಿಡಬಹುದಾಗಿತ್ತಲ್ಲ ಎಂದು ಆಗ ತೋರಿತು.

ಗುಡ್ಡವು ನೀರಿನಿಂದ ನೆಟ್ಟಗೆ ಎದ್ದು ನಿಂತಿರುವುದು. ಕೆಳಗೆ ಬೋಳು ಬಂಡೆ, ಮೇಲೆ ದಟ್ಟವಾದ ಹಸುರು. ಮೇಲಿನಿಂದ ನೋಡಿದರೆ ಅದು ಹೃದಯದ ಆಕಾರದಲ್ಲಿದೆಯೆಂದು ಹೇಳುವರು. ಕೆಳಗಿನಿಂದ ನೋಡಿದವನಿಗೆ ಬಾಗಿಲಿಲ್ಲದ ಕೋಟೆಯಂತೆ ಕಾಣುತ್ತದೆ. ಬಿಳಿಹೊಟ್ಟೆಯ ಕಡಲಹದ್ದುಗಳು ಅದರ ಮೇಲೆ ಸುತ್ತುತ್ತಿದ್ದವು. ನಮ್ಮಂಥವರನ್ನು ಅದರ ಮೇಲೆ ಕಾಲಿಡಗೊಡುವುದಿಲ್ಲ. ಮೀನುಗಾರರು ಮಾತ್ರ ಅಲ್ಲಿಯ ಜಟ್ಟಿಗ ದೈವಕ್ಕೆ ಹರಕೆ ಹೊತ್ತು ಆಡುಗಳನ್ನು ಒಯ್ಯುವ ರೂಢಿಯಿದೆ. ಕಾಣಿಕೆ ಸಲ್ಲಿಸುವವರಲ್ಲಿ ಹಿಂದೂಗಳಲ್ಲದೆ ಇತರ ಮತದವರೂ ಉಂಟು. ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೆ ಹರಕೆ ಹೊರುವವರು ಯಾರು ಯಾರೆಂಬುದನ್ನು ಬಲ್ಲ ನಮ್ಮ ಸೀಮೆಯವನಿಗೆ ಇದು ಆಶ್ಚರ್ಯದ ಮಾತಲ್ಲ. ನೀರಿನ ಮೇಲೆ ಹೊಟ್ಟೆ ಹೊರೆಯುವವನು ದೇವರ ಕುಲ ವಿಚಾರಿಸುವನೆ? ಈ ದೈವದ ಗುಡ್ಡವನ್ನೇ ನಮ್ಮ ನೌಕಾಪಡೆಯವರು ಗುಂಡಿನ ಗುರಿಯಭ್ಯಾಸಕ್ಕೆ ಬಳಸುತ್ತ ಬಂದರು, ಪಕ್ಷಿತಜ್ಞರೂ ಪರಿಸರಪ್ರಿಯರೂ ಅದಕ್ಕೆ ಆಕ್ಷೇಪವೆತ್ತುತ್ತ ಬಂದರು. ಸಮುದ್ರ ಅಷ್ಟು ವಿಶಾಲವಾಗಿರಲು ಹದ್ದಿನ ಗೂಡಿಗೇ ಗುರಿಯಿಡಬೇಕೆ ಎಂದು ನನ್ನಂಥ ಸಾಮಾನ್ಯನಿಗೂ ಅನ್ನಿಸುತ್ತದೆ.

ದೋಣಿ ನಿಂತಿತು. ನನ್ನನ್ನು ನೋಡಿಕೊಳ್ಳಲು ನಿಯುಕ್ತನಾದ ತರುಣನು ಅದೇ ತೀರದ ಮೀನುಗಾರರ ಮನೆಯವನು, ಬಹು ಸೌಜನ್ಯಶಾಲಿ. ಮೊದಲು ಮೈಗಂಟುವ ಕರಿಯ ರಬ್ಬರಿನ ಅಂಗಿ. ಅದರೊಳಗೆ ನನ್ನನ್ನು ತುಂಬಲು ಮೊಮ್ಮಗನೂ ಅವನೂ ಕೂಡಿ ಹೆಣಗಿದರು. ಆಮೇಲೆ ಸೊಂಟಕ್ಕೆ ಸೀಸದ ಗುಂಡುಗಳ ಪಟ್ಟಿ. ಬಾವಿಯಲ್ಲಿ ಮುಳುಗದಿರಲೆಂದು ಬೆನ್ನಿಗೆ ಬುರುಡೆ ಕಟ್ಟಿದ್ದರು. ಇಲ್ಲಿ ತೇಲದಿರಲೆಂದು ಸೊಂಟಕ್ಕೆ ಸೀಸ ಕಟ್ಟಿದರು. ಬೆನ್ನಿಗೆ ಸಿಲಿಂಡರು. ಅದರಲ್ಲಿರುವುದು ಆಮ್ಲಜನಕವೆಂದು ನಾನು ತಿಳಿದಿದ್ದೆನು. ಅಲ್ಲವಂತೆ, ನಾವು ನೀವು ಉಸಿರಾಡುವ ಬರಿಯ ಗಾಳಿಯನ್ನೇ ಇನ್ನೂರು ಪಟ್ಟು ಅದುಮಿ ತುಂಬಿರುವುದು. ಶುದ್ಧ ಆಮ್ಲಜನಕವು ಇಪ್ಪತ್ತು ಅಡಿಗಿಂತ ಆಳಕ್ಕೆ ಹೋದವನಿಗೆ ವಿಷವಾಗಿ ಪರಿಣಮಿಸುತ್ತದೆ.

ಅಷ್ಟು ಒತ್ತಡದ ಗಾಳಿಯನ್ನು ಮೆತ್ತಗೆ ಮಾಡಿ, ಬೇಕೆಂದಾಗ ಬೇಕಾದಷ್ಟನ್ನೇ ಬಾಯಿಗೆ ಬಿಡುವ ಕವಾಟವೊಂದಿದೆ. ಈ ವಿದ್ಯೆಯ ರಹಸ್ಯವೆಲ್ಲ ಅದರಲ್ಲಿಯೇ. 1943ರಲ್ಲಿ, ಯುದ್ಧದ ನಡುವೆ, ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ಇವರಿಬ್ಬರೂ ಕೂಡಿ ಅದನ್ನು ಸಿದ್ಧಪಡಿಸಿದರು. ಪೆಟ್ರೋಲು ಸಿಕ್ಕದಿದ್ದ ಆ ದಿನಗಳಲ್ಲಿ ಮೋಟಾರುಗಳನ್ನು ಗ್ಯಾಸಿನಿಂದ ಓಡಿಸುವುದಕ್ಕಾಗಿ ಗಾನ್ಯಾ ಮಾಡಿದ್ದ ಕವಾಟವೇ ಇದರ ಮೂಲ. ಯುದ್ಧಕಾಲದ ಇದ್ದಲಿ ಬಸ್ಸುಗಳ ಕಥೆಯನ್ನು ನಮ್ಮ ಮುತ್ಯಾ ಎಷ್ಟು ಸಲ ಹೇಳಿಲ್ಲ! ಬೆನ್ನಿಗೆ ಒಲೆ ಕಟ್ಟಿಕೊಂಡು, ಏರು ಬಂದಲ್ಲಿ ಪ್ರಯಾಣಿಕರಿಂದ ತಳ್ಳಿಸಿಕೊಂಡು, ಕೆಮ್ಮುತ್ತ ಓಡುತ್ತಿದ್ದ ಆ ಬಸ್ಸುಗಳ ದೂರದ ಬಂಧುವನ್ನು ಬಾಯಲ್ಲಿ ಕಚ್ಚಿಕೊಂಡು ನಾನು ಕಡಲಿಗೆ ಇಳಿಯತಕ್ಕವನಾಗಿದ್ದೆನು. ಅದು ಕೆಮ್ಮದಿರಲಿ ಎಂದು ಪ್ರಾರ್ಥಿಸಿದೆನು.

“ಮಾಸ್ತರ್ರೇ, ಎರಡೇ ಮಾತು ನೆನಪಿಡಿ” ಎಂದನು ತರುಣ. “ಉಸಿರು ಹಿಡಿಯಬಾರದು. ಏನನ್ನೂ ಮುಟ್ಟಬಾರದು.”

ಬಾವಿಯು ನನಗೆ ಕಲಿಸಿದ್ದು ಎರಡೇ ವಿದ್ಯೆ: ಉಸಿರು ಹಿಡಿಯುವುದು, ತಳ ಮುಟ್ಟುವುದು. ಅವೆರಡನ್ನೂ ಅವನು ಒಂದೇ ಉಸಿರಿನಲ್ಲಿ ನಿಷೇಧಿಸಿದನು. ಉಸಿರಿನ ಮಾತಿಗೆ ಕಾರಣವಿದೆ. ನೀರಿನಲ್ಲಿ ಮೂವತ್ತಮೂರು ಅಡಿ ಇಳಿದರೆ, ಭೂಮಿಯ ಮೇಲಿನ ವಾಯುಮಂಡಲವೆಲ್ಲ ಹೇರುವಷ್ಟೇ ಭಾರವನ್ನು ಆ ಅಲ್ಪ ನೀರು ಮತ್ತೊಮ್ಮೆ ಹೇರುತ್ತದೆ. ಅಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗಲು ಹವಣಿಸುವುದು. ಬಾಯಿ ಬಿಗಿಹಿಡಿದವನ ಶ್ವಾಸಕೋಶದ ಗತಿಯನ್ನು ಹೇಳಬೇಕಾಗಿಲ್ಲ. ಬಾವಿಯ ಮುಳುಗಿನಲ್ಲಿ ಈ ಭಯವಿಲ್ಲ. ದಂಡೆಯ ಮೇಲೆ ಎಳೆದ ಗಾಳಿ ಆಳದಲ್ಲಿ ಕುಗ್ಗಿ, ಮೇಲೆ ಬರುವಾಗ ಮೊದಲಿನಷ್ಟೇ ಆಗುವುದು. ಇದೆಲ್ಲ ನನಗೆ ಚೆನ್ನಾಗಿ ಅರ್ಥವಾಯಿತು. ಆದರೆ ಅರ್ಥವಾದದ್ದು ತಲೆಗೆ. ಹತ್ತು ವರ್ಷದ ಹುಡುಗನ ಎದೆಗೂಡಿಗಲ್ಲ.

ಆದಕಾರಣ ಮೊದಲ ಮುಳುಗು ವಿಫಲವಾಯಿತು. ಲಂಗರಿನ ಹಗ್ಗ ಹಿಡಿದು ಹತ್ತು ಅಡಿ ಇಳಿಯುವಷ್ಟರಲ್ಲಿ ಎಡಗಿವಿಯಲ್ಲಿ ಸೂಜಿ ಚುಚ್ಚಿದಂತಾಯಿತು; ಮೂಗು ಹಿಡಿದು ಊದಬೇಕೆಂಬುದು ಮರೆಯಿತು; ಎದೆಯು ತನ್ನ ಹಳೆಯ ಅಭ್ಯಾಸದಂತೆ ಗಾಳಿಯನ್ನು ಕಟ್ಟಿಹಾಕಿ ಕುಳಿತಿತು; ನಾನು ಕೈಕಾಲು ಬಡಿದು ಮೇಲೆ ಬಂದೆನು. ಮೂವತ್ತು ವರ್ಷ ನಾನು ಮಕ್ಕಳಿಗೆ ರನ್ನನ ಗದಾಯುದ್ಧವನ್ನು ಪಾಠ ಮಾಡಿದವನು. ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದ್ದ ದುರ್ಯೋಧನನಿಗೆ ಭೀಮನ ಗರ್ಜನೆಯಿಂದ ನೀರೊಳಗೂ ಮೈ ಬೆವರಿತೆಂದು ಕವಿ ವರ್ಣಿಸಿರುವುದು ಅತಿಶಯೋಕ್ತಿಗೆ ಅತ್ಯುತ್ತಮ ಉದಾಹರಣೆಯೆಂದು ಎಷ್ಟು ತರಗತಿಗಳಿಗೆ ಹೇಳಿಕೊಟ್ಟಿದ್ದೆನೋ! ರಬ್ಬರಿನ ಅಂಗಿಯೊಳಗೆ, ಹತ್ತು ಅಡಿ ಸಮುದ್ರದ ಕೆಳಗೆ, ಯಾವ ಭೀಮನೂ ಗರ್ಜಿಸದೆಯೇ, ನನ್ನ ಬೆನ್ನಿನ ಮೇಲೆ ಬೆವರು ಇಳಿದದ್ದನ್ನು ನಾನು ಬಲ್ಲೆನು. ಅದು ಅತಿಶಯೋಕ್ತಿಯಲ್ಲ, ಸ್ವಭಾವೋಕ್ತಿ. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದಿದರೆ ತಿದ್ದಿಕೊಳ್ಳತಕ್ಕದ್ದು.

“ಗಡಿಬಿಡಿ ಎಂತದೂ ಇಲ್ಲ. ಉಸಿರು ಬಿಡ್ತಾ ಇರಿ, ಸಾಕು” ಎಂದನು ತರುಣ. ಎಳೆದುಕೊಳ್ಳಿ ಎನ್ನಲಿಲ್ಲ, ಬಿಡಿ ಎಂದನು. ಬಿಡುತ್ತ ಇಳಿದೆನು. ಗುಳ್ಳೆಗಳು ಬುಳುಬುಳು ಎನ್ನುತ್ತ ಮೇಲಕ್ಕೆ ಹೋದವು, ಬಾವಿಯಿಂದ ಏಳುವ ಪಾರಿವಾಳಗಳಂತೆ. ಕಿವಿ ಟಪ್ಪೆಂದು ಬಿಚ್ಚಿಕೊಂಡಿತು. ಮತ್ತು ನಾನು ಗೋಡೆಯ ಎದುರಿಗೆ ಇದ್ದೆನು.

ನೇತ್ರಾಣಿಯ ಗೋಡೆಯು ಲಕ್ಷದ್ವೀಪದ ಗೋಡೆಗಳಂಥದಲ್ಲ. ಅಲ್ಲಿ ದ್ವೀಪವನ್ನೇ ಹವಳವು ಕಟ್ಟಿದೆ, ಇಲ್ಲಿ ಕಟ್ಟಿದ ಬಂಡೆಯ ಮೇಲೆ ಹವಳವು ಬಂದು ಸಂಸಾರ ಹೂಡಿದೆ. (ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಆ ಹವಳದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಮಂಗಳೂರಿನಿಂದಲೇ ಆಳಲ್ಪಡುತ್ತಿದ್ದವೆಂಬುದನ್ನು ಈಗ ಎಷ್ಟು ಜನ ನೆನೆಯುವರು?) ಮೇಲೆ ಆಕಾಶಕ್ಕೆ ನೆಟ್ಟಗೆ ಎದ್ದ ಗುಡ್ಡವೇ ಕೆಳಗೂ ನೆಟ್ಟಗೆ ಇಳಿದಿರುವುದು. ಒಂದು ಕಡೆ ಗುಂಡುಕಲ್ಲುಗಳು ಒಂದರ ಮೇಲೊಂದು ಬಿದ್ದು ಗವಿಗಳಾಗಿವೆ. ಇನ್ನೊಂದು ಕಡೆ ಬಿರುಕು ಬಿಟ್ಟ ಬಂಡೆ. ಆ ಬಂಡೆಯ ಮೈಯಲ್ಲಿ ಒಂದು ಅಂಗುಲ ಜಾಗವೂ ಖಾಲಿಯಿಲ್ಲ. ಮಿದುಳಿನಂತೆ ಸುರುಳಿ ಗೆರೆಗಳ ಉಂಡೆಗಳು, ರೊಟ್ಟಿಯಂತೆ ಒಂದರ ಕೆಳಗೊಂದು ಚಾಚಿದ ತಟ್ಟೆಗಳು, ಮೆತ್ತಿದ ಸಗಣಿಯ ಬೆರಣಿಯಂತೆ ಅಂಟಿಕೊಂಡ ಹಾಳೆಗಳು. ಉಪಮಾನಗಳು ಕಾವ್ಯೋಚಿತವಾಗಿಲ್ಲವೆಂದು ಬಲ್ಲೆ. ಕಣ್ಣಿಗೆ ಮೊದಲು ಹೊಳೆದದ್ದು ಅವೇ. ಇವುಗಳಲ್ಲಿ ಒಂದೊಂದೂ ಸಾವಿರಾರು ಜೀವಿಗಳ ಊರು. ಸಾಸಿವೆ, ಜೋಳದ ಕಾಳಿನಷ್ಟು ಗಾತ್ರದ ಮೆತ್ತನೆಯ ಪ್ರಾಣಿ, ಬಾಯಿಯ ಸುತ್ತ ಕುಚ್ಚು, ಕುಳಿತಲ್ಲಿಂದ ಏಳದು; ನೀರಿನಲ್ಲಿ ಕರಗಿದ ಸುಣ್ಣವನ್ನು ಹೆಕ್ಕಿ ತನ್ನ ಅಡಿಗೆ ತಾನೇ ಕಲ್ಲು ಹಾಕಿಕೊಳ್ಳುತ್ತ ಹೋಗುತ್ತದೆ. ತನ್ನ ಮೈಯೊಳಗೆ ಅದು ಕಣ್ಣಿಗೆ ಕಾಣದ ಪಾಚಿಗೆ ಇರಲು ಎಡೆ ಕೊಡುವುದು. ಪಾಚಿಯು ಬಿಸಿಲನ್ನು ಉಂಡು ಬಾಡಿಗೆಯಾಗಿ ಅನ್ನ ಕೊಡುವುದು. ಬಣ್ಣವೂ ಬಹುಮಟ್ಟಿಗೆ ಬಾಡಿಗೆದಾರನದೇ. ನೀರು ರೂಢಿಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕಾದು ಕೆಲವು ವಾರ ಹಾಗೆಯೇ ನಿಂತರೆ ಮನೆಯೊಡೆಯನು ಬಾಡಿಗೆದಾರನನ್ನು ಹೊರಹಾಕುವನು, ತಾನೂ ಬೆಳ್ಳಗಾಗಿ ಉಪವಾಸ ಬೀಳುವನು. 1998ರಲ್ಲಿ, 2010ರಲ್ಲಿ, 2016ರಲ್ಲಿ ಹಿಂದೂ ಮಹಾಸಾಗರದ ಹವಳಗಳಿಗೆ ಈ ಬರ ಬಡಿಯಿತು. ಹಸುರು ನೀರಿನಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಯ ಉಂಡೆ ನನಗೂ ಕಂಡಿತು. ಹೂಳೆತ್ತಿದ ವರ್ಷದ ಬಾವಿಯ ತಳ ಕಣ್ಣೆದುರಿಗೆ ಬಂದಿತು.

ಆದರೆ ಮೊದಲು ನನ್ನನ್ನು ಬೆರಗುಗೊಳಿಸಿದ್ದು ನೋಟವಲ್ಲ, ಸಪ್ಪಳ. ಮೌನಲೋಕವೆಂದು ಕೇಳಿದ್ದೆನು, ಮೌನವೆಲ್ಲಿ ಬಂದಿತು? ನಾಗರಪಂಚಮಿಯ ಮುನ್ನಾದಿನ ಆಯಿ ಮಣ್ಣಿನ ಓಡಿನಲ್ಲಿ ಜೋಳದ ಅರಳು ಹುರಿಯುವಾಗ ಮನೆಯ ತುಂಬ ಹಬ್ಬುತ್ತಿದ್ದ ಚಟಪಟ ಶಬ್ದ, ಎಡದಿಂದ, ಬಲದಿಂದ, ತಲೆಯೊಳಗಿನಿಂದ. ಬೆರಳುದ್ದದ ಸಿಗಡಿಗಳು ಬಂಡೆಯ ಬಿರುಕುಗಳಲ್ಲಿ ಕುಳಿತು ಕೊಂಡಿ ಚಿಟಿಕೆ ಹೊಡೆಯುವ ಶಬ್ದವಂತೆ ಅದು. ನೀರಿನಲ್ಲಿ ನಾದದ ವೇಗ ಗಾಳಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿರುವುದರಿಂದ ಅದು ಯಾವ ದಿಕ್ಕಿನದೆಂದು ಕಿವಿಗೆ ತಿಳಿಯುವುದಿಲ್ಲ. ಆ ಅರಳು ಹುರಿಯುವ ಸದ್ದಿನ ನಡುವೆ ಇನ್ನೊಂದು ಗರಗರ: ಗಿಣಿಮೀನು ತನ್ನ ಕೊಕ್ಕಿನಿಂದ ಬಂಡೆಯನ್ನು ಕೆರೆಯುತ್ತಿದ್ದಿತು. ಅದು ಹವಳದ ಕಲ್ಲನ್ನು ಪಾಚಿಯ ಸಮೇತ ಕಡಿದು, ಅರೆದು, ನುಂಗಿ, ಹಿಂಭಾಗದಿಂದ ಬಿಳಿಯ ಮರಳಾಗಿ ಸುರಿಸುತ್ತ ಗಂಭೀರವಾಗಿ ಮುಂದೆ ಸಾಗುತ್ತದೆ. ಕವಿಗಳು ಹೊಗಳಿದ ಹವಳದ ದ್ವೀಪಗಳ ಬೆಳ್ಮರಳು ಬಹಳಷ್ಟು ಹೀಗೆ ಬಂದದ್ದು.

ಮಣಿಕಟ್ಟಿನಲ್ಲಿ ಗಾಣಗಾಪುರದ ಕೆಂಪು ದಾರವಿದ್ದಿತು. ಮೂವತ್ತು ಅಡಿಯಲ್ಲಿ ಕೈ ಎತ್ತಿ ನೋಡಿದರೆ ದಾರ ಕಪ್ಪಾಗಿತ್ತು. ಕ್ಷಣಕಾಲ ದತ್ತಾತ್ರೇಯನು ಮುನಿದನೇನೋ ಎಂದು ಅಳುಕಿದೆನು. ಬಿಸಿಲಿನ ಕೆಂಪನ್ನು ನೀರು ಮೊದಲು ಕುಡಿಯುತ್ತದೆ, ಆಮೇಲೆ ಕಿತ್ತಳೆ, ಹಳದಿ. ನೀಲಿಯನ್ನು ಕೊನೆಯವರೆಗೆ ಉಳಿಸಿಕೊಳ್ಳುತ್ತದೆ. ಆಗ ಆಯಿಯ ಕೊರಳು ನೆನಪಾಯಿತು. ಅವಳ ತಾಳಿಯ ಎರಡು ಪಕ್ಕಕ್ಕೂ ಎರಡು ಹವಳದ ಮಣಿಗಳಿದ್ದವು. ಕಡಲನ್ನು ಕಾಣದೆ ಎಂಬತ್ತು ವರ್ಷ ಬಾಳಿದ ಅವಳಿಗೆ ಕಡಲಿನಿಂದ ದೊರೆತದ್ದು ಉಪ್ಪು ಮತ್ತು ಆ ಎರಡು ಮಣಿ. ಆ ಕೆಂಪು ಹವಳ ನೇತ್ರಾಣಿಯ ಜಾತಿಯದಲ್ಲ. ದೂರದ ಮೆಡಿಟರೇನಿಯನ್ ಸಮುದ್ರದ, ಬಿಸಿಲು ಸರಿಯಾಗಿ ಮುಟ್ಟದ ಮಬ್ಬಿನಲ್ಲಿ ಬೆಳೆಯುವ ಜಾತಿ. ಹುಟ್ಟಿದಲ್ಲಿ ಅದು ಕೆಂಪಾಗಿ ಕಾಣಿಸಿರಲಾರದು. ನಮ್ಮ ಅಂಗಳದ ಬಿಸಿಲಿಗೆ ಬಂದ ಮೇಲೆಯೇ ತನ್ನ ಬಣ್ಣವನ್ನು ಅದು ತೋರಿಸಿರಬೇಕು.

ಮೀನುಗಳ ಪಟ್ಟಿಯನ್ನು ಕೊಡಲಾರೆ. ಹೆಸರು ಹೇಳಿದವರು ಮೇಲೆ ಬಂದ ಮೇಲೆ ಹೇಳಿದರು, ಅಷ್ಟರಲ್ಲಿ ಮುಖಗಳು ಮರೆತಿದ್ದವು. ಹಳದಿ ಪಟ್ಟೆಯ ಚಿಟ್ಟೆಮೀನುಗಳು ಗಂಡಹೆಂಡಿರಂತೆ ಜೋಡಿಜೋಡಿಯಾಗಿ ಹೋಗುತ್ತಿದ್ದವು. ಒಂದು ಬಿರುಕಿನಿಂದ ಹಾವುಮೀನೊಂದು ಮುಖ ಹೊರಚಾಚಿ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದಿತು, ಮಾತು ಬಂದರೂ ಆಡದೆ ನುಂಗಿಕೊಳ್ಳುವ ಹಿರಿಯರಂತೆ. ನೀಲಿಯ ಕಡೆಗೆ ಒಮ್ಮೆ ತಿರುಗಿದೆನು. ಅಲ್ಲಿ ಬೆಳ್ಳಿಯ ಈಟಿಗಳಂಥ ಬರಾಕುಡಗಳ ಒಂದು ಸಾಲು ಅಲುಗದೆ ನಿಂತಿದ್ದಿತು. ಅವುಗಳ ಹಿಂದೆ ಏನೂ ಇಲ್ಲ, ಗೋಡೆಯ ಕೆಳಗೂ ಏನೂ ಇಲ್ಲ, ನೀಲಿ ಗಾಢವಾಗುತ್ತ ಹೋಗುವುದೊಂದೇ. ತಳ ಕಾಣಲಿಲ್ಲ. ಈಸು ಬಲ್ಲವನಿಗೆ ನೀರಿನ ಭಯವಿಲ್ಲ ಎನ್ನುವರು. ತಳವಿಲ್ಲದ ನೀರಿನ ಭಯ ಬೇರೆಯದು. ಬಾವಿ ಎಷ್ಟೇ ಆಳವಿರಲಿ, ಒಂದು ಹಿಡಿ ಕೆಸರಿನಲ್ಲಿ ಅದು ಮುಗಿಯುವುದೆಂಬ ಭರವಸೆಯಿತ್ತು. ಗೋಡೆಗೆ ಮುಖ ತಿರುಗಿಸಿದೆನು, ಮತ್ತು ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

ತರುಣನು ಮಣಿಕಟ್ಟು ಹಿಡಿದನು. ಮೆತ್ತಗೆ, ತಂದೆಯೊಬ್ಬನು ದೇವರ ಮುಂದಿನ ದೀಪಕ್ಕೆ ಕೈಯಿಟ್ಟ ಮಗುವನ್ನು ಹಿಡಿಯುವಂತೆ. ಮುಟ್ಟಿದರೆ ಆ ಜೀವಿಗಳ ಮೈಮೇಲಿನ ತೆಳುವಾದ ಲೋಳೆ ಹರಿದು ರೋಗ ತಗಲುವುದು, ಒಂದು ಚೂರು ಮುರಿದರೆ ಅದು ಬೆಳೆದ ವರ್ಷಗಳು ಹಿಂದಕ್ಕೆ ಬರುವುದಿಲ್ಲ, ಕೀಳುವುದಂತೂ ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯಲ್ಲಿ, ಹುಲಿಯ ಜೊತೆಯಲ್ಲಿ, 2001ರಿಂದ ಹವಳಗಳೂ ಇವೆ. ಆ ಕಾಯಿದೆ ಹುಟ್ಟಿದ್ದು 1972ರಲ್ಲಿ, ನಮ್ಮ ಬಾವಿ ಬತ್ತಿದ ವರ್ಷ. ಆದರೂ ಸ್ವಲ್ಪ ಮುಂದೆ, ಒಂದು ಹವಳದ ತಟ್ಟೆಯನ್ನು ಹರಕು ನೈಲಾನ್ ಬಲೆಯೊಂದು ಅಪ್ಪಿಕೊಂಡು ಕುಳಿತಿತ್ತು. ಅದನ್ನು ಮುಟ್ಟಬೇಡವೆಂದು ಯಾರೂ ಮಣಿಕಟ್ಟು ಹಿಡಿದಿರಲಿಲ್ಲ. ತರುಣನು ಸೊಂಟದ ಚೂರಿ ತೆಗೆದು ಅದನ್ನು ನಾಲ್ಕು ಕಡೆ ಕತ್ತರಿಸಿ, ಸುತ್ತಿ, ಚೀಲಕ್ಕೆ ಸೇರಿಸಿಕೊಂಡನು. ಅವನ ಮನೆಯವರ ಕಸುಬಿನದೇ ಬಲೆ. ನಾನು ಆ ಹೊತ್ತೆಲ್ಲ ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು, ಕಡಲಿನಲ್ಲಿ ತರಗತಿಯ ಮೇಲ್ವಿಚಾರಣೆ ಮಾಡುವ ಮಾಸ್ತರನಂತೆ ತೇಲುತ್ತಿದ್ದೆನು. ಹಾಗೆ ಅರ್ಧ ಗಂಟೆಗೂ ಮೀರಿ ಗೋಡೆಯನ್ನು ನೋಡಿದೆನು. ಕೈಗೆ ಕೆಲಸವಿಲ್ಲದಿದ್ದರೆ ಕಣ್ಣು ಎಷ್ಟು ನೋಡುತ್ತದೆ!

ತರುಣನು ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದನು. ಭೇಷ್ ಎನ್ನುತ್ತಿರುವನೆಂದು ನಾನೂ ಹಾಗೆಯೇ ತೋರಿಸಿದೆನು. ಅವರ ಸಂಜ್ಞೆಯಲ್ಲಿ ಅದಕ್ಕೆ ಮೇಲೆ ಹೋಗೋಣವೆಂದು ಅರ್ಥ. ಹೊಗಳಿಕೆಯೆಂದು ತಿಳಿದು ಒಪ್ಪಿಕೊಂಡದ್ದಕ್ಕೆ ಫಲವಾಗಿ ಮೇಲೆ ಬಂದೆನು. ಗುಳ್ಳೆಗಳಿಗಿಂತ ನಿಧಾನವಾಗಿ, ಉಸಿರು ಬಿಡುತ್ತ ಬಿಡುತ್ತ. ದಾರ ಮತ್ತೆ ಕೆಂಪಾಯಿತು.

ಊರಿಗೆ ಮರಳಿದ ಮಧ್ಯಾಹ್ನ ಪಡಸಾಲೆಯ ಶಹಾಬಾದ ಫರಸಿಯ ಮೇಲೆ ಅಂಗಾತ ಮಲಗಿದೆನು. ನಮ್ಮ ಕಡೆ ಮನೆಯ ನೆಲ, ಕಟ್ಟೆ, ಬಚ್ಚಲು, ಶಾಲೆಯ ಜಗುಲಿ ಎಲ್ಲವೂ ಈ ಬೂದುನೀಲಿ ಸುಣ್ಣಕಲ್ಲಿನದೇ. ಶಹಾಬಾದ, ವಾಡಿ, ಜೇವರ್ಗಿ, ಸೇಡಮ್ಮಿನ ಗಣಿಗಳಲ್ಲಿ ಪದರು ಪದರಾಗಿ ಏಳುವ ಈ ಕಲ್ಲು ಪುರಾತನವಾದೊಂದು ಸಮುದ್ರದ ತಳದ ಕೆಸರು. ಹವಳವೂ ಮೀನೂ ಚಿಪ್ಪೂ ಈ ಲೋಕಕ್ಕೆ ಬರುವುದಕ್ಕೆ ಮೊದಲೇ ಆರಿ ಕಲ್ಲಾದದ್ದು. ಅದರ ಮೇಲೆ ಆಮೇಲೆ ಬೆಂಕಿಯ ಕರಿಗಲ್ಲು ಹರಿಯಿತು, ಕರಿಗಲ್ಲು ಸವೆದು ಎರೆಯಾಯಿತು, ಎರೆಯ ಮೇಲೆ ತೊಗರಿ ಬೆಳೆಯಿತು. ಬೆನ್ನಿಗೆ ನೆಲ ತಣ್ಣಗೆ ಹತ್ತುತ್ತಿದ್ದಿತು. ನೇತ್ರಾಣಿಯಲ್ಲಿ ಮುಟ್ಟಗೊಡದ ಅಂಗೈಯನ್ನು ಅಗಲವಾಗಿ ಹರಡಿ ನೆಲದ ಮೇಲಿಟ್ಟೆನು.

ಸಂಜೆ ಪಂಚನು ಬಂದನು. ಕೈಯಲ್ಲಿ ಊರುಗೋಲು, ಮುಖದ ಮೇಲೆ ಅದೇ ಐವತ್ತು ವರ್ಷಗಳ ಹಿಂದಿನ ಸಂಶಯ. ಬಾವಿಗೆ ಈಗ ಯಾರೂ ಹಾರುವುದಿಲ್ಲ. ಅದರ ನೀರನ್ನು ಸುತ್ತಲಿನ ಕೊಳವೆಬಾವಿಗಳು ಕುಡಿದು ಬಹಳ ಕಾಲವಾಯಿತು. ಪಾರಿವಾಳಗಳು ಮಾತ್ರ ಉಳಿದಿವೆ. ಮೊಮ್ಮಗನು ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದೆನು. ಮುಖವಾಡ, ಕೊಳವೆ, ಗುಳ್ಳೆಗಳು. ಅದರೊಳಗಿರುವವನು ನಾನೆಂದು ಹೆತ್ತವರೂ ಗುರುತಿಸುವಂತಿರಲಿಲ್ಲ. ಅವನು ಒಂದೊಂದನ್ನೂ ಕಣ್ಣು ಕಿರಿದು ಮಾಡಿ ನೋಡಿ ಮೊಬೈಲನ್ನು ಮರಳಿ ಕೊಟ್ಟನು.

“ತಳ ಮುಟ್ಟಿದೇನು?”

“ಇಲ್ಲೋ. ತಳ ಕಾಣಲೇ ಇಲ್ಲ.”

“ಏನರೆ ತಂದಿಯೇನು?”

ತರಗೊಡುವುದಿಲ್ಲವೆಂದೂ, ಕಾಯಿದೆಯಿದೆಯೆಂದೂ, ಮುಟ್ಟಿದರೆ ಅವು ಸಾಯುವುವೆಂದೂ, ಹುಲಿಯ ಸಮಾನವಾದ ಪದವಿ ಅವುಗಳಿಗಿದೆಯೆಂದೂ ವಿಸ್ತಾರವಾಗಿ ವಿವರಿಸಿದೆನು. ಅವನು ಎಲ್ಲವನ್ನೂ ಕೇಳಿದನು. ನನ್ನ ಬಲಗೈಯನ್ನು ಎಳೆದುಕೊಂಡು, ಅಂಗೈಯನ್ನು ಬೆಳಕಿಗೆ ಹಿಡಿದು, ಮುಗುಚಿ ಮತ್ತೊಮ್ಮೆ ನೋಡಿದನು.

“ಹಂಗಾದ್ರ ಲೆಕ್ಕಕ್ಕ ಬರಲ್ಲ ಮಾಸ್ತರ” ಎಂದನು.